ಗುಂಡಿಗೆ ಕೊಟ್ಟವರು

ನಿಯಮ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ನುಣುಚಿಕೊಳ್ಳಲು ನೋಡಿದ ಹಾಗಾಗುತ್ತದೆ. ನುಣುಚಿಕೊಳ್ಳುವುದರಲ್ಲಿ ನಾನು ಪಳಗಿದವಳು.

ನಮ್ಮ ಕಚೇರಿ ಒಂದು ವಿಕಿ ನಡೆಸುತ್ತದೆ. ಜನರೇ ಬರೆದು ಜನರೇ ತಿದ್ದುವ ಪುಟಗಳು. ಕಟ್ಟಡ, ಕಸುಬು, ಯಂತ್ರ, ಮರ, ಬದುಕಿದವರು, ಸತ್ತವರು, ಯಾವುದರ ಮೇಲಾದರೂ ಯಾರು ಬೇಕಾದರೂ ಪುಟ ಬರೆಯಬಹುದು. ಹದಿನಾಲ್ಕು ಭಾಷೆಗಳಲ್ಲಿ ಬರೆಯುತ್ತಾರೆ. ಬರೆದ ಪುಟ ಇನ್ನೊಬ್ಬರ ಕಣ್ಣಿಗೆ ಬೀಳಬೇಕಾದರೆ ಅದಕ್ಕೊಂದು ಟ್ಯಾಗ್ ಬೇಕು. ನಾನು ಕೆಲಸಕ್ಕೆ ಸೇರಿದಾಗ ಟ್ಯಾಗುಗಳ ಸಂತೆಯೇ ಇತ್ತು. ಸೇತುವೆಗೆ ಹದಿನಾಲ್ಕು ಟ್ಯಾಗ್. ಒಂದು ಭಾಷೆಯವನು ಬರೆದ ಸೇತುವೆ ಇನ್ನೊಂದು ಭಾಷೆಯವನಿಗೆ ಕಾಣುತ್ತಲೇ ಇರಲಿಲ್ಲ. ನಾನು ಒಂದು ಸಂಗತಿಗೆ ಒಂದೇ ಸಂಖ್ಯೆ ಕೊಟ್ಟೆ. ಸಂಖ್ಯೆಯ ಕೆಳಗೆ ಹದಿನಾಲ್ಕು ಖಾನೆ ಹಾಕಿದೆ. ಯಾವ ಖಾನೆಯಿಂದ ಹೊಕ್ಕರೂ ಎಲ್ಲರ ಸೇತುವೆಗಳೂ ಸಿಗುವ ಹಾಗೆ ಮಾಡಿದೆ. ಎರಡು ವರ್ಷ ಕಣ್ಣು ಕೆಂಪಾಗಿಸಿಕೊಂಡು ಮಾಡಿದ ಕೆಲಸ. ಹೆಮ್ಮೆ ಇತ್ತು.

ಕೊನೆಗೆ ಆರುನೂರು ಟ್ಯಾಗ್ ಉಳಿದವು. ಯಾವ ಭಾಷೆಯಲ್ಲೂ ಜೊತೆ ಸಿಗದವು. ಒಂಟಿ ಟ್ಯಾಗ್ ಎಂದು ಕರೆದೆವು. ಇವನ್ನು ಏನು ಮಾಡಬೇಕು ಎಂದು ಸಭೆಯಲ್ಲಿ ಅಧ್ಯಕ್ಷರು ಕೇಳಿದರು. ಅಧ್ಯಕ್ಷರು ಭಾಷಾ ಪ್ರಾಧ್ಯಾಪಕರಾಗಿ ನಿವೃತ್ತರಾದವರು. ಅವರ ಬೆನ್ನ ಹಿಂದೆ ನಾವು ಅವರನ್ನು ನಿಘಂಟು ಅನ್ನುತ್ತಿದ್ದೆವು. ಕೆಮ್ಮಿದರೂ ಕೆಮ್ಮಿನ ಮೂಲ ಯಾವ ಧಾತು ಎಂದು ಹೇಳುವ ಮನುಷ್ಯ. ಕೆಟ್ಟವರಲ್ಲ. ಯಾರಿಗೂ ಗದರಿದ್ದನ್ನು ನಾನು ನೋಡಿಲ್ಲ.

ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ನಿಯಮ ಬರೆದುಕೊಟ್ಟೆ. ಒಂಟಿ ಟ್ಯಾಗ್ ಉಳಿಯಬೇಕಾದರೆ ಆ ಭಾಷೆ ಆಡುವ ಇಬ್ಬರು ಸದಸ್ಯರು ಅದಕ್ಕೆ ಒಪ್ಪಿಗೆ ಹಾಕಬೇಕು. ಇಬ್ಬರೂ ಮುನ್ನೂರಕ್ಕಿಂತ ಹೆಚ್ಚು ತಿದ್ದುಪಡಿ ಮಾಡಿರಬೇಕು. ಇಬ್ಬರ ಪ್ರೊಫೈಲಿನಲ್ಲೂ ಆ ಭಾಷೆಯ ಹೆಸರು ಇರಬೇಕು. ಅರವತ್ತು ದಿನ ಗಡುವು. ಅಷ್ಟರಲ್ಲಿ ಇಬ್ಬರು ಸಿಗದಿದ್ದರೆ ಹತ್ತಿರದ ದೊಡ್ಡ ಟ್ಯಾಗಿನಲ್ಲಿ ವಿಲೀನ.

"ಇಬ್ಬರೇ ಯಾಕೆ?" ಎಂದು ಸರ್ವರ್ ನೋಡಿಕೊಳ್ಳುವವನು ಕೇಳಿದ.

"ಒಬ್ಬರು ಹೇಳಿದ್ರೆ ಅಭಿಪ್ರಾಯ. ಇಬ್ಬರು ಹೇಳಿದ್ರೆ ಭಾಷೆ" ಅಂದೆ.

ಎಲ್ಲರೂ ನಕ್ಕರು. ನಿಘಂಟು ಮೇಜು ತಟ್ಟಿ, ಇದನ್ನು ನಿಯಮದ ತಲೆಯ ಮೇಲೆ ಬರೆಯಿರಿ ಅಂದರು. ಬರೆದೆ. ಈಗಲೂ ಅಲ್ಲಿದೆ.

ನಿಯಮ ಬರೆಯುವಾಗ ನನಗೆ ನಮ್ಮ ಮಾತು ನೆನಪಾಗಲಿಲ್ಲವೇ? ನೆನಪಾಯಿತು. ನೆನಪಾಗಿಯೂ ಬರೆದೆ.

ನಮ್ಮದು ಗುಂಡಿ ತೊಳೆಯುವವರ ಮಾತು. ಮಲದ ಗುಂಡಿ, ಒಳಚರಂಡಿ, ಕಬ್ಬಿಣದ ಮುಚ್ಚಳದ ಕೆಳಗಿನ ದಾರಿ. ಗಂಡಸರು ಇಳಿಯುತ್ತಾರೆ. ಹೆಂಗಸರು ಮೇಲೆ ನಿಂತು ಹಗ್ಗ ಹಿಡಿಯುತ್ತಾರೆ. ನಮ್ಮ ಮಾತಿಗೆ ಲಿಪಿ ಇಲ್ಲ. ನಾವು ಅದನ್ನು ನಮ್ಮ ಮಾತು ಅನ್ನುತ್ತೇವೆ, ಹೊರಗಿನವರು ಗುಂಡಿ ಮಾತು ಅನ್ನುತ್ತಾರೆ. ಶಾಲೆಯಲ್ಲಿ ಒಮ್ಮೆ ಬಾಯಿ ತಪ್ಪಿ ಆಡಿದೆ. ಪಕ್ಕದ ಹುಡುಗಿ ಮೂಗು ಹಿಡಿದುಕೊಂಡಳು. ಆವತ್ತು ನನ್ನ ಬೆಂಚಿನಲ್ಲಿ ಖಾಲಿಯಾದ ಜಾಗ ಶಾಲೆ ಮುಗಿಯುವವರೆಗೂ ಖಾಲಿಯೇ ಇತ್ತು. ಮನೆಗೆ ಬಂದು ಅತ್ತಾಗ ಅತ್ತೆ ಹೇಳಿದಳು, "ಹೊರಗೆ ಆಡ್ಬೇಡ. ಆ ನಾಲಿಗೇನ ಮನೇಲಿಟ್ಟು ಹೋಗು." ಅತ್ತೆ ಅಂದರೆ ಅಪ್ಪನ ಅಕ್ಕ. ಅಮ್ಮ ನನ್ನನ್ನು ಹೆತ್ತ ವರ್ಷವೇ ಹೋದಳು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಹೋದ. ಸಾಕಿ ಓದಿಸಿದವಳು ಅತ್ತೆ.

ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ತಂದೆ ಏನು ಮಾಡಿಕೊಂಡಿದ್ದರು ಎಂದು ಮೊದಲ ವಾರ ನಿಘಂಟು ಕೇಳಿದ್ದರು. "ನೀರಿನ ಇಲಾಖೆಯಲ್ಲಿದ್ರು" ಅಂದೆ. "ಓ, ಎಂಜಿನಿಯರ್. ಅದಕ್ಕೇ ಮಗಳು ಇಷ್ಟು ಅಚ್ಚುಕಟ್ಟು" ಅಂದರು. ನಾನು ಸುಳ್ಳು ಹೇಳಲಿಲ್ಲ. ಸುಮ್ಮನೆ ನಕ್ಕೆ. ಆ ನಗೆಯ ಮೇಲೆ ನಾಲ್ಕು ವರ್ಷ ಕೂತು ಉಂಡೆ. ನನ್ನ ಪ್ರೊಫೈಲಿನಲ್ಲಿ ಮೂರು ಭಾಷೆಗಳಿದ್ದವು. ಮೂರೂ ಶಾಲೆಯಲ್ಲಿ ಕಲಿತವು.

ಒಂಟಿ ಟ್ಯಾಗುಗಳ ಪಟ್ಟಿಯಲ್ಲಿ ನಾನೂರ ಹನ್ನೆರಡನೆಯದು ನಮ್ಮ ಮಾತಿನದು. ಹಾಕಿದವರ ಹೆಸರು 'ಹಗ್ಗದವಳು'. ಆ ಹೆಸರಿನ ಖಾತೆ ತೆರೆದುಕೊಟ್ಟವಳೂ ನಾನೇ. ಮೂರು ವರ್ಷದ ಹಿಂದೆ ಒಂದು ರಜೆಯ ದಿನ, ಹೊತ್ತು ಹೋಗಲೆಂದು, ಅತ್ತೆಯ ಫೋನಿನಲ್ಲಿ ವಿಕಿ ತೆರೆದು ಬರೆಯುವುದು ಹೇಗೆಂದು ತೋರಿಸಿದ್ದೆ. ಅವಳು ನಾಲ್ಕನೇ ತರಗತಿವರೆಗೆ ಓದಿದವಳು. ಎರಡು ಸಾಲು ಬರೆದು ಬಿಡುತ್ತಾಳೆ ಅಂದುಕೊಂಡಿದ್ದೆ.

ಅವಳು ಬಿಡಲಿಲ್ಲ. ಅವಳ ಬಲಗೈ ಪೂರ್ತಿ ಮಡಚುವುದಿಲ್ಲ. ಹಗ್ಗ ಜಾರಿ ಸುಟ್ಟ ಗೆರೆ ಅಂಗೈಗೆ ಅಡ್ಡ ಇದೆ, ಅಲ್ಲಿ ಚರ್ಮ ದಪ್ಪಗಟ್ಟಿದೆ. ಶಾಲೆಯಲ್ಲಿ ಕಲಿತ ಭಾಷೆಯಲ್ಲಿ, ಎಡಗೈ ಹೆಬ್ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದಳು. ಗುಂಡಿಯಲ್ಲಿ ಸತ್ತವರ ಪುಟಗಳು. ಒಂದೊಂದು ಪುಟಕ್ಕೂ ಮನೆಮನೆಗೆ ನಡೆದಳು. ಕೆಲವು ಮನೆಯಲ್ಲಿ ಕೂರಿಸಿದರು, ಕೆಲವು ಮನೆಯಲ್ಲಿ ಯಾಕೆ ಕೆದಕುತ್ತೀಯ ಎಂದು ಬಾಗಿಲು ಹಾಕಿದರು. ನಲವತ್ತಮೂರು ಪುಟ ಆದವು. ಪ್ರತಿ ಪುಟದಲ್ಲೂ ಒಂದೇ ಕ್ರಮ. ಇಳಿ ಅಂದವರು ಯಾರು. ಯಾವ ಗುಂಡಿ. ಮುಖಕ್ಕೆ ಏನಾದರೂ ಕೊಟ್ಟಿದ್ದರಾ. ಹಗ್ಗ ಹಿಡಿದವರು ಯಾರು. ಮೇಲೆ ತೆಗೆದವರು ಯಾರು. ಮಕ್ಕಳು.

ನಲವತ್ತಮೂರಕ್ಕೂ ಒಂದೇ ಟ್ಯಾಗ್, ಅದು ಮಾತ್ರ ನಮ್ಮ ಮಾತಿನದು. ಆ ಪದವನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಭಾಷೆಯಲ್ಲಿ ಹೇಳಬೇಕಾದರೆ, ಗುಂಡಿಗೆ ಕೊಟ್ಟವರು. ಜಾರಿ ಬಿದ್ದು ಸತ್ತವರಿಗೆ ನಮ್ಮಲ್ಲಿ ಬೇರೆ ಪದ ಇದೆ. ಇದು, ಒಬ್ಬರು ಹೇಳಿ, ಇನ್ನೊಬ್ಬರು ಕಟ್ಟಿ, ಮತ್ತೊಬ್ಬರು ನೋಡುತ್ತ ನಿಂತು, ಎಲ್ಲರೂ ಸೇರಿ ಇಳಿಸಿದ್ದರಿಂದ ಸತ್ತವರಿಗೆ. ಹದಿನಾಲ್ಕು ಭಾಷೆಗಳಲ್ಲೂ ಹುಡುಕಿದೆ. ಇಂಥ ಪದ ಸಿಗಲಿಲ್ಲ. ಹತ್ತಿರದ ದೊಡ್ಡ ಟ್ಯಾಗ್ ಎಂದು ನಾನು ಗುರುತಿಸಿದ್ದು 'ಅಪಘಾತ'.

ಮೊದಲ ಪುಟ ಅಪ್ಪನದು. ಕಚೇರಿಯಲ್ಲಿ ಪರಿಶೀಲನೆಯ ನೆಪದಲ್ಲಿ ತೆರೆದೆ. ಹಗ್ಗ ಹಿಡಿದವರು ಅನ್ನುವ ಮುಂದೆ 'ನಾನು' ಎಂದು ಬರೆದಿದ್ದಳು. ಕೊನೆಯ ಸಾಲಿಗೆ ಬರುವಾಗ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದೆ. ಮಕ್ಕಳು ಅನ್ನುವ ಮುಂದೆ 'ಇಲ್ಲ' ಎಂದಿತ್ತು. ನಿಜ ಹೇಳುತ್ತೇನೆ, ನನಗೆ ಸಮಾಧಾನವಾಯಿತು. ಪುಟ ಮುಚ್ಚಿ ಚಹಾ ತರಲು ಹೋದೆ.

ಐವತ್ತನೆಯ ದಿನ ಚರ್ಚಾ ಪುಟದಲ್ಲಿ ಅವಳ ಒಂದು ಸಾಲು ಬಂತು. "ಎರಡನೆಯವರು ಸಿಗುತ್ತಿಲ್ಲ. ಇನ್ನು ಸ್ವಲ್ಪ ದಿನ ಕೊಡಿ." ಇಂಥ ಮನವಿಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಬರೆದೆ. ಅತ್ತೆಗೆ ಬರೆಯುತ್ತಿದ್ದೇನೆ ಎಂದು ಗೊತ್ತಿದ್ದೂ ಎಲ್ಲರಿಗೆ ಬರೆಯುವ ಹಾಗೆಯೇ ಬರೆದೆ.

ಆ ವಾರದ ರಜೆಗೆ ಅವಳ ಮನೆಗೆ ಹೋದೆ. ಪ್ರತಿ ವಾರ ಹೋಗುತ್ತೇನೆ. ಒಂದೇ ಕೋಣೆ, ಒಂದು ಮಂಚ, ಕಿಟಕಿಯ ಸರಳಿಗೆ ಹಳೆಯ ಹಗ್ಗದ ಸುರುಳಿ. ಬಟ್ಟೆ ಒಣಹಾಕುವುದಕ್ಕೆ ಬೇರೆ ಹಗ್ಗ ಇದೆ, ಅದನ್ನು ಮುಟ್ಟುವುದಿಲ್ಲ. ಅತ್ತೆ ತಟ್ಟೆ ನನ್ನ ಮುಂದಿಟ್ಟು ಫೋನು ಕೊಟ್ಟಳು.

"ಕನ್ನಡಕ ಎಲ್ಲಿಟ್ಟೆನೋ ಗೊತ್ತಾಗ್ತಿಲ್ಲ. ಇದನ್ನ ಸ್ವಲ್ಪ ಓದಿ ಹೇಳು."

ಕನ್ನಡಕ ಅವಳ ತಲೆಯ ಮೇಲೆಯೇ ಇತ್ತು. ನಾನು ಅದನ್ನು ಹೇಳಲಿಲ್ಲ. ಓದಿದೆ.

"ಮಾನ್ಯರೇ, ನಿಯಮದ ಪ್ರಕಾರ ಅವಧಿ ವಿಸ್ತರಿಸಲು ಅವಕಾಶವಿರುವುದಿಲ್ಲ. ನಿಮ್ಮ ಅಮೂಲ್ಯ ಕೊಡುಗೆಗೆ ಧನ್ಯವಾದಗಳು. ಟ್ಯಾಗ್ ವಿಭಾಗ."

"ಅಮೂಲ್ಯ ಅಂತ ಬೇರೆ ಹಾಕಿದಾರೆ."

"ಅದು ಎಲ್ಲರಿಗೂ ಹಾಕ್ತಾರೆ ಅತ್ತೆ."

"ಹಾಗಾ. ನನಗೊಬ್ಬಳಿಗೇ ಹಾಕಿದಾರೆ ಅಂದ್ಕೊಂಡೆ." ಅವಳು ಫೋನನ್ನು ಸೆರಗಿಗೆ ಒರೆಸಿದಳು. "ಯಾರು ಬರೆದಿರೋದು?"

"ವಿಭಾಗ."

"ವಿಭಾಗಕ್ಕೂ ಕೈ ಅಂತ ಇರುತ್ತಲ್ಲ." ನನ್ನ ಕೈಯನ್ನೇ ನೋಡಿದಳು. "ಹೋಗ್ಲಿ ಬಿಡು. ತಿನ್ನು, ಆರೋಗುತ್ತೆ."

ತುತ್ತು ಕಲಸಿದೆ. ನನ್ನ ಬಾಯಿ ನೋಡಿ. ಏನೂ ಗೊತ್ತಿಲ್ಲದವಳ ಹಾಗೆ ಕೇಳಿತು, "ಬೇರೆ ಯಾರನ್ನಾದ್ರೂ ಕೇಳಿದ್ಯಾ?"

"ಕೇಳ್ದೆ. ಆರು ಬೀದಿ ತಿರುಗ್ದೆ. ನಮ್ಮೋರಲ್ಲಿ ಮುನ್ನೂರು ತಿದ್ದಿರೋರು ನನ್ನ ಬಿಟ್ರೆ ಇಬ್ಬರೇ. ಒಬ್ಬ ಬಟ್ಟೆ ಅಂಗಡೀಲಿದಾನೆ. ಹೆಸರಿನ ಮುಂದೆ ಈ ಮಾತು ಹಾಕ್ಕೊಂಡ್ರೆ ನಾಳೆ ಬಟ್ಟೆ ಮುಟ್ಟೋಕೆ ಬಿಡಲ್ಲ ಅಕ್ಕ ಅಂದ. ನಿಜಾನೇ. ಅವನಿಗೂ ಹೊಟ್ಟೆ ಇದೆಯಲ್ಲ."

"ಇನ್ನೊಬ್ಬರು?"

ಅತ್ತೆ ಎದ್ದು ನೀರು ಬಗ್ಗಿಸಿ ತಂದಳು. ಲೋಟ ನನ್ನ ಪಕ್ಕ ಇಟ್ಟಳು.

"ಇನ್ನೊಬ್ಬರನ್ನ ನಾನು ಕೇಳಲ್ಲ" ಅಂದಳು.

ಅಷ್ಟೇ. ಆಮೇಲೆ ಮಂಚದ ಕಾಲು ಅಲ್ಲಾಡುವುದು, ನಲ್ಲಿಯಲ್ಲಿ ನೀರು ಸಣ್ಣಗೆ ಬರುವುದು, ಇಂಥವನ್ನು ಮಾತಾಡಿದೆವು. ಹೊರಡುವಾಗ ಎಂದಿನಂತೆ ಬಾಗಿಲವರೆಗೆ ಬಂದಳು. ಎಂದಿನಂತೆ ಬೀದಿಗೆ ಬರಲಿಲ್ಲ. ನನ್ನ ಜೊತೆ ಅವಳನ್ನು ಯಾರಾದರೂ ನೋಡಿಯಾರು ಎಂದು ಅವಳೇ ಮಾಡಿಕೊಂಡ ಕಟ್ಟು ಅದು. ನಾನು ಒಂದು ದಿನವೂ ಬೇಡ ಅಂದವಳಲ್ಲ.

ಅರವತ್ತನೆಯ ದಿನ ಮಧ್ಯಾಹ್ನ ಮೂರಕ್ಕೆ ಕಚೇರಿಯಲ್ಲಿ ಆಕ್ಷೇಪಣೆಯ ಸಭೆ. ಯಾರು ಬೇಕಾದರೂ ಬಂದು ಹೇಳಬಹುದು ಎಂದು ಪ್ರಕಟಣೆ ಕೊಟ್ಟಿದ್ದೆವು. ಯಾರೂ ಬರುವುದಿಲ್ಲ ಎಂಬ ಧೈರ್ಯದಿಂದ ಕೊಟ್ಟ ಪ್ರಕಟಣೆ. ಉದ್ದ ಮೇಜು, ಎಂಟು ಕುರ್ಚಿ, ಗೋಡೆಗೆ ದೊಡ್ಡ ಪರದೆ. ಒಂದು ಬದಿ ಪೂರ್ತಿ ಗಾಜು. ಗಾಜಿನಾಚೆ ಸ್ವಾಗತದ ಮೇಜು ಕಾಣುತ್ತದೆ.

ಮೂರಕ್ಕೆ ಹತ್ತು ನಿಮಿಷ ಇರುವಾಗ ಅತ್ತೆ ಬಂದಳು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಕಾಗದಗಳು. ಸ್ವಾಗತದಲ್ಲಿ ಕೂತವಳು ತಲೆಯೆತ್ತಿ ನೋಡಿ ಏನೋ ಅಂದಳು. ಗಾಜಿನಿಂದ ಮಾತು ಕೇಳಿಸುವುದಿಲ್ಲ. ಕೈ ತೋರಿಸಿದ್ದು ಕಂಡಿತು. ಕೈ ಹಿಂದಿನ ಬಾಗಿಲನ್ನು ತೋರಿಸುತ್ತಿತ್ತು. ಕಕ್ಕಸು ತೊಳೆಯುವವರು ಬರುವ ಬಾಗಿಲು ಅದು. ಅತ್ತೆ ಚೀಲದಿಂದ ಒಂದು ಕಾಗದ ತೆಗೆದಳು. ಸ್ವಾಗತದವಳು ಕಾಗದ ನೋಡಲಿಲ್ಲ. ಮತ್ತೆ ಅದೇ ಕೈ ತೋರಿಸಿದಳು.

ನನ್ನ ಕುರ್ಚಿಯಿಂದ ಆ ಮೇಜಿಗೆ ಹದಿನೈದು ಹೆಜ್ಜೆ. ನಾನು ಏಳಲಿಲ್ಲ. ಅತ್ತೆ ತಿರುಗುವಾಗ ಗಾಜಿನಲ್ಲಿ ನನ್ನನ್ನು ನೋಡಿದಳು. ನೋಡಿ, ಯಾರನ್ನೋ ನೋಡಿದ ಹಾಗೆ ಕಣ್ಣು ತೆಗೆದು, ಹಿಂದಿನ ಬಾಗಿಲಿಗೆ ನಡೆದಳು. ಐದು ನಿಮಿಷ ಆದ ಮೇಲೆ ಬಕೆಟ್ಟು, ಪೊರಕೆಗಳ ಕೋಣೆ ದಾಟಿ ಸಭೆಯ ಬಾಗಿಲಿಗೆ ಬಂದಳು.

"ಒಳಗೆ ಬರಬಹುದಾ ಸಾರ್?"

"ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ನಿಘಂಟು ಎದ್ದು ನಿಂತರು. ನಾನು ಹೇಳಿದೆನಲ್ಲ, ಕೆಟ್ಟವರಲ್ಲ. ಮೇಜಿನ ಸುತ್ತ ಇದ್ದವರನ್ನು ಒಬ್ಬೊಬ್ಬರಾಗಿ ಪರಿಚಯಿಸಿದರು. ನನ್ನ ಸರದಿ ಬಂದಾಗ, "ಟ್ಯಾಗ್ ವ್ಯವಸ್ಥೆ ಪೂರ್ತಿ ಇವರದೇ" ಅಂದರು.

ಅತ್ತೆ ಎರಡೂ ಕೈ ಜೋಡಿಸಿದಳು. ಬಲಗೈ ಸರಿಯಾಗಿ ಕೂಡಲಿಲ್ಲ.

"ನಮಸ್ಕಾರ ಮೇಡಂ" ಅಂದಳು ನನಗೆ.

ನನ್ನ ಕೂದಲು ಬಾಚಿದವಳು. ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದವಳು. ಕಾಲೇಜಿನ ಅರ್ಜಿಗೆ ಸಾಲಿನಲ್ಲಿ ನಿಂತವಳು. ನನಗೆ ಕೈಮುಗಿದು ಮೇಡಂ ಅಂದಳು. ನನ್ನನ್ನು ಕಾಪಾಡಲು ಅಂದಳು. ನಾನು, "ನಮಸ್ಕಾರ" ಅಂದೆ. ಇದಕ್ಕಿಂತ ಕೆಟ್ಟದ್ದನ್ನು ನಾನು ಮಾಡಿಲ್ಲ.

ಪರದೆಯ ಮೇಲೆ ನಾನೂರ ಹನ್ನೆರಡನೆಯ ಟ್ಯಾಗ್ ಬಂತು. ಕೆಳಗೆ ಖಾನೆಗಳು, ಎಲ್ಲ ಖಾಲಿ. ಮೊದಲನೆಯ ಒಪ್ಪಿಗೆ, ಹಗ್ಗದವಳು. ಎರಡನೆಯದು ಖಾಲಿ.

"ನಿಮ್ಮ ಪುಟಗಳನ್ನ ಓದಿದೆ ತಾಯಿ" ಎಂದು ನಿಘಂಟು ಶುರುಮಾಡಿದರು. "ಕಣ್ಣಲ್ಲಿ ನೀರು ಬಂತು. ಒಂದು ಪುಟಾನೂ ಅಳಿಸಲ್ಲ. ಹೆದರಬೇಡಿ. ಟ್ಯಾಗ್ ಮಾತ್ರ ಅಪಘಾತ ಅಂತ ಬದಲಾಗುತ್ತೆ. ಹುಡುಕಿದ್ರೆ ಸಿಗುತ್ತೆ."

"ಸಿಗುತ್ತೆ ಸಾರ್. ಬಸ್ಸು ಮಗುಚಿದ್ದು, ಏಣಿಯಿಂದ ಬಿದ್ದದ್ದು, ಕರೆಂಟು ಹೊಡೆದದ್ದು, ಅದ್ರ ಜೊತೆ ಸಿಗುತ್ತೆ. ಇವರು ಬೀಳ್ಲಿಲ್ಲ ಸಾರ್."

"ಅರ್ಥ ಆಗುತ್ತೆ. ಆದರೆ ವಿಶಾಲ ಅರ್ಥದಲ್ಲಿ ನೋಡಿದ್ರೆ ಅಪಘಾತ ಅಂದ್ರೆ..."

"ವಿಶಾಲ ಎಲ್ಲಾ ನನಗೆ ಗೊತ್ತಿಲ್ಲ. ನನ್ನ ತಮ್ಮಂದು ಹೇಳ್ತೀನಿ, ಕೇಳಿ."

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು. ಗಟ್ಟಿಯಾಗಿ ಹೇಳಲಿಲ್ಲ.

"ಹಗ್ಗ ಹಿಡಿಯೋರು ನೂರು ಎಣಿಸಿ ಒಂದು ಸಲ ಎಳೀಬೇಕು. ಕೆಳಗಿರೋನು ತಿರುಗಿ ಒಂದು ಸಲ ಎಳೀತಾನೆ. ಇದೀನಿ ಅಂತ ಅರ್ಥ. ಅವನು ಎರಡು ಎಳೆದ್ರೆ ಮೇಲೆ ತೆಗೀಬೇಕು. ಆವತ್ತು ಬೆಳಿಗ್ಗೆ ಮುಚ್ಚಳ ತೆಗೆದಾಗ್ಲೇ ವಾಸನೆ ಸರಿಯಿರ್ಲಿಲ್ಲ. ನನ್ನ ತಮ್ಮ ಬೇಡ ಅಂದ. ಮೇಸ್ತ್ರಿ, ಇಳೀದಿದ್ರೆ ನಾಳೆಯಿಂದ ಬರ್ಬೇಡ ಅಂದ. ಸೊಂಟಕ್ಕೆ ಹಗ್ಗ ಕಟ್ಟಿದ್ದು ನಾನು. ಆರು ಸಲ ಎಳೆದೆ, ಆರು ಸಲ ಉತ್ತರ ಬಂತು. ಏಳನೇ ಸಲ ಬರ್ಲಿಲ್ಲ. ಮೇಲೆ ತೆಗೀತೀನಿ ಅಂದೆ. ಮೇಸ್ತ್ರಿ, ಕೈಯಲ್ಲಿ ಕೆಸರಿರುತ್ತೆ, ಐದು ನಿಮಿಷ ತಾಳು, ಕೆಲಸ ಮುಗೀಲಿ ಅಂದ. ತಾಳಿದೆ ಸಾರ್. ಐದು ನಿಮಿಷ ನಾನು ಹಗ್ಗ ಹಿಡ್ಕೊಂಡು ಸುಮ್ನೆ ನಿಂತೆ. ಅವನ ಮಾತು ಮೀರಿದ್ರೆ ಕೆಲಸ ಹೋಗುತ್ತಲ್ಲ ಅಂತ ನಿಂತೆ. ಆಮೇಲೆ ಎಳೆದೆ. ಕೈ ಹೀಗಾಯ್ತು. ಅವನು ಬಂದ, ಉಸಿರು ಬರ್ಲಿಲ್ಲ."

ಅಂಗೈ ಬಿಡಿಸಿ ಮೇಜಿನ ಮೇಲಿಟ್ಟಳು. ಸರ್ವರ್ ನೋಡಿಕೊಳ್ಳುವವನು ಬೇರೆ ಕಡೆ ನೋಡಿದ.

ನಾನು ಈ ಕಥೆ ಕೇಳಿದ್ದೆ. ಐದು ನಿಮಿಷದ ಮಾತು ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಅದನ್ನು ನನಗೆ ಹೇಳಿರಲಿಲ್ಲ.

"ಅಪಘಾತ ಅಂತ ಬರೆದ್ರೆ ಮೇಸ್ತ್ರಿ ತಪ್ಪಿಸ್ಕೊಳ್ತಾನೆ" ಅಂದಳು ಅತ್ತೆ. "ಅವನಿಗೆ ಹೇಳಿ ಕಳಿಸಿದೋರು ತಪ್ಪಿಸ್ಕೊಳ್ತಾರೆ. ಅವರ ಜೊತೆ ನಾನೂ ತಪ್ಪಿಸ್ಕೊಂಡ ಹಾಗಾಗುತ್ತೆ. ನನಗೆ ಅದು ಬೇಡ. ಕೊಟ್ಟೋರಲ್ಲಿ ನಾನೂ ಒಬ್ಬಳು. ಹಾಗಂತಾನೇ ಇರ್ಲಿ."

ನಿಘಂಟು ಕನ್ನಡಕ ತೆಗೆದು ಒರೆಸಿದರು. ಅವರಿಗೆ ನಿಜವಾಗಿಯೂ ದುಃಖವಾಗಿತ್ತು. ದುಃಖಪಟ್ಟೇ ಹೇಳಿದರು.

"ತುಂಬ ದೊಡ್ಡ ಮಾತು ಹೇಳಿದ್ರಿ. ಆ ಪದಾನ ಅಪಘಾತದ ಪುಟದಲ್ಲಿ ಅಡಿಟಿಪ್ಪಣಿಯಾಗಿ ಇಡೋಣ. ಆದರೆ ಒಬ್ಬರಿಗೆ ಅಂತ ನಿಯಮ ಸಡಿಲಿಸಿದ್ರೆ ಉಳಿದ ಆರುನೂರು ಜನ ಕೇಳ್ತಾರೆ. ಎರಡನೆಯವರು ಒಬ್ಬರು, ಒಬ್ಬರೇ ಒಬ್ಬರು, ನಿಮ್ಮ ಮಾತು ಬಲ್ಲವರು ಎಲ್ಲೂ ಇಲ್ವಾ ತಾಯಿ?"

ಅತ್ತೆ ಪರದೆಯನ್ನು ನೋಡುತ್ತ ಕೂತಿದ್ದಳು. ನನ್ನ ಕಡೆ ತಿರುಗಲಿಲ್ಲ. ಕತ್ತು ಸ್ವಲ್ಪವೂ ವಾಲಲಿಲ್ಲ.

"ಇಲ್ಲ ಸಾರ್" ಅಂದಳು. "ಯಾರೂ ಇಲ್ಲ."

ನಾನು ಪಕ್ಕದಲ್ಲೇ ಕೂತಿದ್ದೆ.

"ಸರಿ ಹಾಗಾದ್ರೆ" ಎಂದು ನಿಘಂಟು ನನಗೆ ಹೇಳಿದರು. "ವಿಲೀನ ಮಾಡಿಬಿಡಿ."

ವಿಲೀನದ ಗುಂಡಿ ಒತ್ತುವ ಅಧಿಕಾರ ನನ್ನದೊಂದೇ ಖಾತೆಗೆ ಇತ್ತು. ಅದನ್ನೂ ನಾನೇ ಹಾಗೆ ಮಾಡಿಟ್ಟಿದ್ದೆ, ಬೇರೆಯವರು ಕೈಹಾಕಿ ಕೆಡಿಸುತ್ತಾರೆಂದು. ಮೌಸ್ ಹಿಡಿದೆ. ಪರದೆಯ ಮೇಲೆ ಪ್ರಶ್ನೆ ಬಂತು. ನಲವತ್ತಮೂರು ಪುಟಗಳು 'ಅಪಘಾತ'ಕ್ಕೆ ಸೇರುತ್ತವೆ, ಮುಂದುವರಿಯಲೇ? ಕೆಳಗೆ ನಲವತ್ತಮೂರು ಹೆಸರು. ಮೊದಲನೆಯದು ಅಪ್ಪನದು.

ಮನಸ್ಸಿನಲ್ಲಿ ನೂರು ಎಣಿಸಲು ಶುರುಮಾಡಿದ್ದೆ. ಯಾಕೆಂದು ಗೊತ್ತಿಲ್ಲ. ಐದು ನಿಮಿಷ ತಾಳು ಅಂದವನ ಮಾತು ಕೇಳಿ ಅತ್ತೆ ನಿಂತಳು. ನಾನು ಯಾರ ಮಾತು ಕೇಳಿ ನಿಂತಿದ್ದೆ? ನನ್ನ ತಲೆಯ ಮೇಲೆ ಯಾವ ಮೇಸ್ತ್ರಿಯೂ ಇರಲಿಲ್ಲ. ನಾನೇ ಅರವತ್ತು ದಿನ ಹಗ್ಗ ಹಿಡಿದುಕೊಂಡು ಸುಮ್ಮನಿದ್ದೆ.

"ಹ್ಯಾಂಗ್ ಆಯ್ತಾ?" ಎಂದು ಸರ್ವರ್ ನೋಡಿಕೊಳ್ಳುವವನು ಬಗ್ಗಿ ಕೇಳಿದ.

"ಹ್ಯಾಂಗ್ ಆಗಿಲ್ಲ. ನಾನು ಮಾಡಲ್ಲ."

"ಏನು?"

"ಮಾಡಲ್ಲ."

ಬೇಡ ಎಂಬುದನ್ನು ಒತ್ತಿದೆ. ನನ್ನ ಪ್ರೊಫೈಲು ತೆರೆದೆ. ಅದೂ ದೊಡ್ಡ ಪರದೆಯ ಮೇಲೆಯೇ ತೆರೆದುಕೊಂಡಿತು. ಆಡುವ ಭಾಷೆಗಳು, ಮೂರು. ಸೇರಿಸು ಎಂಬುದನ್ನು ಒತ್ತಿದೆ. ಪಟ್ಟಿಯಲ್ಲಿ ಹದಿನಾಲ್ಕು ಭಾಷೆಗಳು ಇಳಿದವು. ಕೊನೆಯಲ್ಲಿ 'ಇತರೆ'. ನಮ್ಮ ಮಾತನ್ನು ಇತರೆಯೊಳಗೆ ಹಾಕಿದವಳೂ ನಾನೇ. ಇತರೆಯನ್ನು ಒತ್ತಿ, ಖಾಲಿ ಜಾಗದಲ್ಲಿ ಹೆಸರು ಬರೆದೆ. ಎರಡು ಸಲ ತಪ್ಪಾಗಿ ಅಳಿಸಿ ಬರೆದೆ. ಎಲ್ಲರೂ ನೋಡುತ್ತಿದ್ದರು. ಶಾಲೆಯ ಬೆಂಚು, ಮೂಗು ಹಿಡಿದ ಹುಡುಗಿ, ಎಲ್ಲ ಬಂದು ಕೋಣೆಯಲ್ಲಿ ಕೂತವು. ಉಳಿಸು ಎಂಬುದನ್ನು ಒತ್ತಿದೆ. ವಾಪಸು ಬಂದು ಎರಡನೆಯ ಒಪ್ಪಿಗೆಯ ಖಾನೆಯಲ್ಲಿ ಗುರುತು ಹಾಕಿದೆ.

"ಇದೇನು ತಮಾಷೆ?" ನಿಘಂಟು ಕೇಳಿದರು. "ನಿಮಗೆ ಈ ಭಾಷೆ ಎಲ್ಲಿಂದ ಬಂತು?"

"ಇವರಿಂದ. ನನ್ನ ಅತ್ತೆ ಇವರು. ಮೊದಲನೇ ಪುಟದಲ್ಲಿರೋದು ನಮ್ಮಪ್ಪ."

"ನಿಮ್ಮ ತಂದೆ ಎಂಜಿನಿಯರ್ ಅಂದಿದ್ರಲ್ಲ."

"ನಾನು ಅನ್ನಲಿಲ್ಲ ಸಾರ್. ನೀವಂದ್ರಿ. ನಾನು ಸುಮ್ಮನಿದ್ದೆ."

ಅವರು ಪರದೆಯ ಕಡೆ ತಿರುಗಿದರು. ಆಮೇಲೆ, "ಅರವತ್ತು ದಿನ ಇತ್ತಲ್ಲ" ಅಂದರು. "ಮೊದಲನೇ ದಿನವೇ ಹೇಳಬಹುದಿತ್ತು. ಇವರು ಇಲ್ಲಿವರೆಗೆ ಬರೋ ಅಗತ್ಯ ಇರಲಿಲ್ಲ. ನನ್ನ ಕೈಲಿ ಇಷ್ಟೆಲ್ಲ ಆಡಿಸಬೇಕಾಗಿರಲಿಲ್ಲ."

ಅವರು ಹೇಳಿದ್ದು ಸರಿ. ನಿಯಮವೂ ಸರಿಯಾಗಿತ್ತು, ಇಬ್ಬರು ಬೇಕಿತ್ತು, ಇಬ್ಬರು ಇದ್ದೆವು. ಟ್ಯಾಗ್ ಉಳಿಯಿತು. ಸಂಬಂಧಿಕರ ವಿಷಯ ಮುಚ್ಚಿಟ್ಟು ತೀರ್ಮಾನದಲ್ಲಿ ಕೂತದ್ದಕ್ಕೆ ನಾನು ಟ್ಯಾಗ್ ವಿಭಾಗದಿಂದ ಹೊರಗಿರಬೇಕು ಎಂದು ಅಲ್ಲೇ ಬರೆಸಿದರು. ನಾನೇ ಬರೆದುಕೊಂಡೆ, ನಡಾವಳಿ ಬರೆಯುವವಳು ನಾನೇ ಆದ್ದರಿಂದ.

ಅತ್ತೆ ಆಗಲೇ ಎದ್ದು ಹೋಗಿದ್ದಳು. ಓಡಿದೆ. ಅವಳು ಹಿಂದಿನ ಬಾಗಿಲ ಕಡೆ ಹೊರಟಿದ್ದಳು.

"ಈ ಕಡೆ ಬಾ ಅತ್ತೆ."

ನಮ್ಮ ಮಾತಿನಲ್ಲಿ ಅಂದೆ. ಸ್ವಾಗತದವಳು ತಲೆಯೆತ್ತಿದಳು. ಮುಂದಿನ ಬಾಗಿಲಿಂದ ಹೊರಗೆ ಬಂದೆವು. ಗೇಟಿನ ಮುಂದೆ ರಸ್ತೆಯಲ್ಲಿ ಕಬ್ಬಿಣದ ಮುಚ್ಚಳ ಇದೆ. ಕಚೇರಿಯವರೆಲ್ಲ ಅದರ ಮೇಲೆ ನಡೆದು ಹೋಗುತ್ತಾರೆ. ನಾನು ನಾಲ್ಕು ವರ್ಷದಿಂದ ಸುತ್ತು ಹಾಕಿ ಹೋಗುತ್ತಿದ್ದೆ, ಸರ್ವರ್ ನೋಡಿಕೊಳ್ಳುವವನು ಅದಕ್ಕೆ ಗೇಲಿ ಮಾಡುತ್ತಿದ್ದ. ನಮ್ಮವರು ಮುಚ್ಚಳ ತುಳಿಯುವುದಿಲ್ಲ, ಕೆಳಗೆ ಯಾರಾದರೂ ಇರಬಹುದು. ಅವಳು ಆ ಬದಿಯಿಂದ ಸುತ್ತಿದಳು, ನಾನು ಈ ಬದಿಯಿಂದ.

ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತೆವು. ಅವಳು ಒಳ್ಳೆಯ ಮಾತು ಆಡುತ್ತಾಳೆ ಎಂದು ಎಲ್ಲೋ ಒಂದು ಆಸೆ ಇತ್ತು. ನಾಚಿಕೆಗೆಟ್ಟ ಆಸೆ.

"ಕೆಲಸ ಹೋಯ್ತಾ?"

"ಇಲ್ಲ. ವಿಭಾಗ ಬದಲಾಯ್ತು."

"ಹ್ಞೂಂ." ಚೀಲದ ಕಾಗದಗಳನ್ನು ಸರಿಮಾಡಿಕೊಂಡಳು. "ನನ್ನ ಹಿಂದಿನ ಬಾಗಿಲಿಗೆ ಕಳಿಸಿದಾಗ ನೀನು ಗಾಜಲ್ಲಿ ನೋಡ್ತಿದ್ದೆ."

"ನೋಡ್ದೆ ಅತ್ತೆ."

"ನಾನೂ ನೋಡ್ದೆ."

ಬಸ್ಸು ಬರುವ ದಿಕ್ಕಿಗೆ ನೋಡುತ್ತ ಕೂತಳು. ನಾನು ತಪ್ಪಾಯಿತು ಅಂದೆ. ಅವಳು ಪರವಾಗಿಲ್ಲ ಅನ್ನಲಿಲ್ಲ. ಆ ಉತ್ತರಪತ್ರ ಬರೆದ ಕೈ ನನ್ನದು ಅಂದೆ. "ಗೊತ್ತು" ಅಂದಳು. "ಚಿಕ್ಕೋಳಿದ್ದಾಗ ಹೊರಗೆ ಆ ಮಾತು ಆಡ್ಬೇಡ ಅಂತ ಹೇಳ್ಕೊಟ್ಟೋಳು ನಾನೇ. ನಾನು ಹೇಳಿದ್ದನ್ನ ನೀನು ಇಷ್ಟು ಚೆನ್ನಾಗಿ ಕಲೀತೀಯ ಅಂತ ಗೊತ್ತಿರ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವಳು ಫೋನು ತೆಗೆದು ಏನೋ ತೆರೆದು ನನ್ನ ಕೈಗೆ ಕೊಟ್ಟಳು. ಅಪ್ಪನ ಪುಟ. ಕೊನೆಯ ಸಾಲು. ಮಕ್ಕಳು, ಇಲ್ಲ.

"ಇದೊಂದು ಸಾಲು ಸುಳ್ಳು ಬರೆದಿದೀನಿ. ನಿನಗೆ ತೊಂದ್ರೆ ಆಗ್ಬಾರ್ದು ಅಂತ. ನಾನು ತಿದ್ದಲ್ಲ. ಬೇಕಾದ್ರೆ ನೀನೇ ತಿದ್ದು."

ಇಲ್ಲ ಎಂಬುದನ್ನು ಅಳಿಸಿದೆ. ಒಬ್ಬಳು ಮಗಳು ಎಂದು ಬರೆದೆ. ಉಳಿಸು ಎಂಬುದನ್ನು ಒತ್ತಿದರೆ ಒಂದು ಖಾನೆ ತೆರೆದುಕೊಂಡಿತು. ತಿದ್ದಿದ್ದಕ್ಕೆ ಕಾರಣ ಕೊಡಿ. ಕಾರಣ ಕೊಡದೆ ಯಾರೂ ಏನನ್ನೂ ತಿದ್ದುವ ಹಾಗಿಲ್ಲ. ಹೋದ ವರ್ಷ ಆ ನಿಯಮ ಮಾಡಿದವಳೂ ನಾನೇ.

ಬಸ್ಸು ದೂರದಲ್ಲಿ ಕಂಡಿತು. ಬರೆದೆ. "ಹಿಂದೆ ಇದ್ದದ್ದು ತಪ್ಪು ಮಾಹಿತಿ. ಮಗಳು ಇದ್ದಾಳೆ. ನಾಚಿಕೊಂಡು ಬಚ್ಚಿಟ್ಟುಕೊಂಡಿದ್ದಳು."

ಫೋನನ್ನು ಅತ್ತೆಗೆ ಕೊಟ್ಟೆ. ಓದಿ ಹೇಳು ಎಂದು ಅವಳು ನನಗೆ ಹೇಳಲಿಲ್ಲ. ತಲೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು, ತಾನೇ ಓದಿದಳು.